ಮಾನಿಟರ್ ಇಲ್ಲದ ಸಿಪಿಯುಗೆ ಸರಿಯಾದ ಪರದೆ ಸಿಕ್ಕಿದ್ದು ಹೀಗೆ

ಸಾಗರದಲ್ಲಿ ನಮ್ಮಣ್ಣನದು ಸಣ್ಣ ಅಡಿಕೆ ಮಂಡಿ. ನಾನಿರುವುದು ಬೆಂಗಳೂರಿನಲ್ಲಿ. ಮಂಡಿಯ ಲೆಕ್ಕದ ಕಂಪ್ಯೂಟರನ್ನು ಇಲ್ಲಿಂದಲೇ ನಾನು ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಮಾನಿಟರ್ ಸುಟ್ಟುಹೋಯಿತು. ಇಂಟರ್ನೆಟ್ ಮೋಡೆಮ್ ಕೂಡ ಹೋಯಿತು. ಸಿಪಿಯು ಮಾತ್ರ ಉಳಿಯಿತು.

"ಹೊಸ ಮಾನಿಟರ್ ಯಾಕೆ? ಪಟ್ಟಿ ಬರೆಯೋದು ಈಗ ಲ್ಯಾಪ್‌ಟಾಪಲ್ಲೇ. ಹಳೇ ಲೆಕ್ಕ ಬೇಕಾದಾಗ ನೀನೇ ಅಲ್ಲಿಂದ ತೆಗೆದು ಕಳಿಸು" ಎಂದ ಅಣ್ಣ. ಸರಿ ಅನ್ನಿಸಿತು. ಮೋಡೆಮ್ ಬದಲಾಯಿಸಿದ ದಿನವೇ, ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ರಿಮೋಟ್ ಆ್ಯಪ್‌ನಲ್ಲಿ ಒಳಗೆ ಹೋದೆ.

ಪರದೆ ಅಂಗೈಯಷ್ಟಾಗಿತ್ತು. ಅಡ್ಡ, ಉದ್ದದ ಚುಕ್ಕೆಗಳ ಲೆಕ್ಕದಲ್ಲಿ, ಅಂದರೆ ರೆಸಲ್ಯೂಶನ್‌ನಲ್ಲಿ, 640×480. ಲೆಕ್ಕದ ಸಾಫ್ಟ್‌ವೇರ್ ತೆರೆದರೆ ಅರ್ಧ ಕಿಟಕಿ ಪರದೆಯಿಂದ ಆಚೆ. ಉಳಿಸುವ ಬಟನ್ ಕೆಳಗೆಲ್ಲೋ ಇದೆ, ಅಲ್ಲಿಗೆ ಮೌಸ್ ಹೋಗುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋದರೆ ರೆಸಲ್ಯೂಶನ್ ಪಟ್ಟಿ ಮಸುಕಾಗಿತ್ತು. ಒತ್ತಿದರೂ ತೆರೆಯಲಿಲ್ಲ.

ಮೊದಲ ಎರಡು ದಿನ ನಾನು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ. ನೆಟ್ ನಿಧಾನವಿದ್ದದ್ದಕ್ಕೆ ಆ್ಯಪ್ ಪರದೆಯನ್ನು ಕುಗ್ಗಿಸಿದೆ ಅಂದುಕೊಂಡು ಅದರ ಕ್ವಾಲಿಟಿ ಸೆಟ್ಟಿಂಗ್ ಬದಲಿಸಿದೆ. ನನ್ನ ಕಡೆ ಪರದೆಯನ್ನು ಹಿಗ್ಗಿಸಿ ನೋಡಿದೆ. ಅಕ್ಷರ ದೊಡ್ಡದಾಯಿತು, ಮಬ್ಬೂ ಆಯಿತು, ಆದರೆ ಆಚೆ ಹೋದ ಬಟನ್ ಬರಲಿಲ್ಲ. ಆಮೇಲೆ ಸಿಡಿಲಿಗೆ ಪರದೆಯ ಚಿತ್ರ ನಡೆಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್, ಕೆಟ್ಟಿರಬೇಕು ಅಂತ ಅದನ್ನು ತೆಗೆದು ಮತ್ತೆ ಹಾಕಿದೆ. ದೂರದ ಕಂಪ್ಯೂಟರ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಈ ಕೆಲಸ ಯಾರೂ ಮಾಡಬಾರದು. ರೀಸ್ಟಾರ್ಟ್ ಆಗಿ ಅದು ಮತ್ತೆ ಆನ್‌ಲೈನ್ ಬರುವವರೆಗೆ ನನಗೆ ಉಸಿರು ಕಟ್ಟಿದ ಹಾಗಾಗಿತ್ತು.

ದಾರಿ ತೋರಿಸಿದ್ದು ಅಣ್ಣ. ಪಕ್ಕದ ಅಂಗಡಿಯ ಮಾನಿಟರ್ ತಂದು ಸಿಕ್ಕಿಸಿ ನೋಡಿದ. ತಕ್ಷಣ ನನ್ನ ಕಡೆ ಪರದೆ 1920×1080 ಆಯಿತು. "ಸರಿಯಾಯ್ತು, ಏನು ಮಾಡಿದೆ?" ಎಂದು ಕೇಳಿದೆ. "ಏನೂ ಇಲ್ಲ, ಮಾನಿಟರ್ ಹಾಕ್ದೆ ಅಷ್ಟೇ" ಎಂದ. ಕೇಬಲ್ ತೆಗೆಸಿದೆ. ಪರದೆ ಮತ್ತೆ ಮುದುಡಿತು. ಅಂದರೆ ಕಂಪ್ಯೂಟರ್‌ನಲ್ಲಿ ಏನೂ ಕೆಟ್ಟಿರಲಿಲ್ಲ. ಮಾನಿಟರ್ ಇದ್ದಾಗ ಅದಕ್ಕೆ ಏನೋ ಒಂದು ಸಿಗುತ್ತಿತ್ತು, ಇಲ್ಲದಾಗ ಸಿಗುತ್ತಿರಲಿಲ್ಲ.

ಆ 'ಏನೋ ಒಂದು' ಏನೆಂದು ಕೂತು ಓದಿದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಮಾನಿಟರ್ ಕಡೆಗೆ ಹೋಗುತ್ತದೆ ಅಂತ ಮಾತ್ರ ನಮಗೆ ಗೊತ್ತು. ಅದರಲ್ಲಿ ಒಂದು ಮಾತು ವಾಪಸ್ ಬರುತ್ತದೆ. ಕೇಬಲ್ ಸಿಕ್ಕಿಸಿದಾಗ 18ನೇ ಪಿನ್‌ನಲ್ಲಿ ಕಂಪ್ಯೂಟರ್ ಐದು ವೋಲ್ಟ್ ಕೊಡುತ್ತದೆ. ಮಾನಿಟರ್ 19ನೇ ಪಿನ್ ಮೂಲಕ 'ನಾನಿದ್ದೇನೆ' ಎಂದು ತಿಳಿಸುತ್ತದೆ. ಆಮೇಲೆ 15 ಮತ್ತು 16ನೇ ಪಿನ್‌ಗಳಲ್ಲಿ ಕಂಪ್ಯೂಟರ್ ಒಂದು ಸಣ್ಣ ಮಾಹಿತಿ ತುಣುಕನ್ನು ಓದಿಕೊಳ್ಳುತ್ತದೆ. ಅದರ ಹೆಸರು ಇಡಿಐಡಿ. ಮೂಲ ತುಣುಕು ಬರೀ 128 ಬೈಟ್. ನಾನು ಯಾವ ಮಾದರಿ, ಯಾವ ಯಾವ ರೆಸಲ್ಯೂಶನ್ ತೋರಿಸಬಲ್ಲೆ ಎಂದು ಮಾನಿಟರ್ ಹೇಳಿಕೊಳ್ಳುವುದು ಅದರಲ್ಲೇ. ಸೆಟ್ಟಿಂಗ್ಸ್‌ನಲ್ಲಿ ನಾವು ನೋಡುವ ರೆಸಲ್ಯೂಶನ್ ಪಟ್ಟಿ ಬಹುಮಟ್ಟಿಗೆ ಅಲ್ಲಿಂದ ಬಂದದ್ದು. ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ ಎಂಥ ಪರದೆಗಾದರೂ ಹೊಂದುವ ಚಿಕ್ಕ ಗಾತ್ರಕ್ಕೆ ಕಂಪ್ಯೂಟರ್ ನಿಲ್ಲುತ್ತದೆ. ಕೆಲವು 640×480ಕ್ಕೆ, ಕೆಲವು 1024×768ಕ್ಕೆ.

ನಾನು ಬಳಸುತ್ತಿದ್ದಂಥ ಆ್ಯಪ್‌ಗಳು ಅಲ್ಲಿ ಇರುವ ಪರದೆಯನ್ನೇ ನಕಲು ಮಾಡಿ ಇಲ್ಲಿ ತೋರಿಸುತ್ತವೆ. ಅಲ್ಲೇ ಚಿಕ್ಕದಿದ್ದರೆ ಇಲ್ಲಿ ದೊಡ್ಡದು ಎಲ್ಲಿಂದ ಬರಬೇಕು? ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಬೇರೆ ಥರ. ಅದು ನೋಡುವವರ ಪರದೆಗೆ ತಕ್ಕ ಗಾತ್ರದಲ್ಲಿ ತನ್ನದೇ ಒಂದು ಪರದೆ ಮಾಡಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಮಾನಿಟರ್ ಇಲ್ಲದಿದ್ದರೂ ನಡೆಯುತ್ತದೆ. ನಿಮ್ಮದು ವಿಂಡೋಸ್ ಪ್ರೊ ಆಗಿದ್ದರೆ ಮೊದಲು ಇದನ್ನೇ ನೋಡಿ. ಆದರೆ ಅದು ಬಳಸುವ ನೆಟ್‌ನ ಬಾಗಿಲು, 3389ನೇ ಪೋರ್ಟನ್ನು, ನೇರ ಇಂಟರ್ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ ಎಂಬ ಖಾಸಗಿ ಸುರಂಗದ ಒಳಗಿನಿಂದ ಬನ್ನಿ. ಅಣ್ಣನ ಕಂಪ್ಯೂಟರ್‌ನಲ್ಲಿದ್ದದ್ದು ವಿಂಡೋಸ್ ಹೋಮ್. ಹೋಮ್‌ಗೆ ಹೊರಗಿನಿಂದ ಹಾಗೆ ಒಳಬರಲು ಆಗುವುದಿಲ್ಲ.

ಉಳಿದದ್ದು ಎರಡು ದಾರಿ. ಒಂದು, ಇಲ್ಲದ ಮಾನಿಟರನ್ನು ಇದೆ ಅನ್ನಿಸುವ ವರ್ಚುವಲ್ ಡಿಸ್‌ಪ್ಲೇ ಡ್ರೈವರ್. ಉಚಿತವಾಗಿ ಸಿಗುತ್ತವೆ. ನಾನು ಹಾಕಲಿಲ್ಲ. ವರ್ಷಗಳ ಲೆಕ್ಕ ಇರುವ ಕಂಪ್ಯೂಟರ್ ಅದು. ಯಾವುದಾದರೂ ಅಪ್‌ಡೇಟ್ ಆದ ಮೇಲೆ ಆ ಡ್ರೈವರ್ ಮುಷ್ಕರ ಹೂಡಿದರೆ, ಅದನ್ನು ಸರಿಮಾಡಲು ಬೇಕಾದ ಪರದೆಯೇ ಇರುವುದಿಲ್ಲ ಅಲ್ವಾ?

ಎರಡನೆಯದು ಡಮ್ಮಿ ಪ್ಲಗ್. ಹೆಬ್ಬೆರಳಿನಷ್ಟು ದೊಡ್ಡದು. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಮುಗಿಯಿತು. ಅದರೊಳಗೆ ಇಡಿಐಡಿ ತುಂಬಿದ ಸಣ್ಣ ಮೆಮೊರಿ ಚಿಪ್ ಇರುತ್ತದೆ. ಬೇರೆ ಕರೆಂಟ್ ಬೇಡ, ಕಂಪ್ಯೂಟರ್ ಕೊಡುವ ಆ ಐದು ವೋಲ್ಟೇ ಸಾಕು. ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಒಳಗೆ ಸಿಕ್ಕಿತು. ನೇರ ಸಾಗರಕ್ಕೆ ತರಿಸಿದೆ. ಅಣ್ಣ ಫೋನ್ ಕಿವಿಗಿಟ್ಟುಕೊಂಡೇ ಸಿಕ್ಕಿಸಿದ.

ಈಗ ಉಲ್ಟಾ ತೊಂದರೆ. ಆ ಪ್ಲಗ್ ತನ್ನನ್ನು 4ಕೆ ಮಾನಿಟರ್ ಎಂದು ಹೇಳಿಕೊಂಡಿತ್ತು. ವಿಂಡೋಸ್ ನಂಬಿ 3840×2160 ಇಟ್ಟಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳು ಇರುವೆ ಸಾಲಿನ ಹಾಗೆ. ಚಿತ್ರದ ಭಾರ ಜಾಸ್ತಿಯಾಗಿ ಮಂಡಿಯ ನೆಟ್‌ನಲ್ಲಿ ಮೌಸ್ ಕೂಡ ತಡವಾಗಿ ಚಲಿಸುತ್ತಿತ್ತು. ಆದರೆ ಈ ಸಲ ರೆಸಲ್ಯೂಶನ್ ಪಟ್ಟಿ ತೆರೆಯಿತು! ಅಷ್ಟು ದಿನ ಮಸುಕಾಗಿದ್ದ ಪಟ್ಟಿ ಅದು, ನೋಡಿ ನಿಜಕ್ಕೂ ಖುಷಿಯಾಯಿತು.

1920×1080 ಇಟ್ಟೆ. ಅದೂ ಪೂರ್ತಿ ಸರಿಹೋಗಲಿಲ್ಲ. ನನ್ನ ಲ್ಯಾಪ್‌ಟಾಪ್ ಕೂಡ 1920×1080. ಅದರ ಟಾಸ್ಕ್‌ಬಾರ್, ಆ್ಯಪ್‌ನ ಮೇಲ್ಪಟ್ಟಿ ಸೇರಿ ಸ್ವಲ್ಪ ಜಾಗ ತಿನ್ನುತ್ತವೆ. ಉಳಿದ ಜಾಗಕ್ಕೆ ಚಿತ್ರ ಕುಗ್ಗಿ, 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತಿದ್ದವು. ಇಂಗ್ಲಿಷ್ ಅಕ್ಷರ ಸ್ವಲ್ಪ ಕುಗ್ಗಿದರೂ ಓದಬಹುದು, ನಮ್ಮ ಒತ್ತಕ್ಷರ ಹಾಗಲ್ಲ. ಕೊನೆಗೆ 1600×900 ಇಟ್ಟು, ಹಿಗ್ಗಿಸದೆ ಕುಗ್ಗಿಸದೆ ಇದ್ದ ಹಾಗೇ ತೋರಿಸು ಎಂದು ಆ್ಯಪ್‌ನಲ್ಲಿ ಹೇಳಿದೆ. ಅಕ್ಷರ ಸ್ಫಟಿಕದಂತೆ ಬಂತು. ನೋಡುವ ಪರದೆಗಿಂತ ಒಂದು ಮೆಟ್ಟಿಲು ಕಡಿಮೆ ಇಡುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ.

ಪ್ಲಗ್ ಎಲ್ಲಿ ಸಿಕ್ಕಿಸುತ್ತೀರಿ ಎಂಬುದೂ ಮುಖ್ಯ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಕಿಂಡಿಗೇ ಹಾಕಬೇಕು. ಹಾಗೆಯೇ ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಬಯಾಸ್‌ನಲ್ಲಿ, ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವ ಹಾಗೆ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ ಮಳೆಗಾಲದ ಕರೆಂಟ್ ಹೇಗೆಂದು ಗೊತ್ತಲ್ಲ. ಕೀಬೋರ್ಡ್ ಇಲ್ಲ ಎಂದು ಕಂಪ್ಯೂಟರ್ ನಡುವೆ ನಿಲ್ಲದ ಹಾಗೆ ಮಾಡುವ ಆಯ್ಕೆಯೂ ಅಲ್ಲೇ ಇರುತ್ತದೆ.

ಇದೇ ಪಾಠ ಮನೆಯ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೂ ಉಪಯೋಗಕ್ಕೆ ಬಂತು. ಮಂಡಿಯ ಲೆಕ್ಕದ ಬ್ಯಾಕಪ್ ಇರುವುದು ಅದರಲ್ಲಿ. ಅದಕ್ಕೆ ಪ್ಲಗ್ ಬೇಕಾಗಲಿಲ್ಲ, ಉತ್ತರವನ್ನು ಫೈಲ್‌ನಲ್ಲೇ ಬರೆದಿಡಬಹುದು. ಹಳೆಯ ಸಿಸ್ಟಮ್‌ನಲ್ಲಿ ಕಾನ್ಫಿಗ್ ಫೈಲ್‌ನಲ್ಲಿ ಮಾನಿಟರ್ ಇದೆ ಎಂದೇ ತಿಳಿಯುವ ಹಾಗೆ ಹಾಟ್‌ಪ್ಲಗ್ ಫೋರ್ಸ್ ಮಾಡಿ, ಗ್ರೂಪ್ 2, ಮೋಡ್ 82 ಕೊಟ್ಟರೆ 1920×1080 ಬರುತ್ತಿತ್ತು. 2023ರಲ್ಲಿ ಬಂದ ಆವೃತ್ತಿ ಬುಕ್‌ವರ್ಮ್ ಹಾಕಿದ ಮೇಲೆ ಅದೇ ಸಾಲುಗಳು ಕೆಲಸ ಮಾಡಲಿಲ್ಲ. ಈಗ ಪರದೆಯ ಉಸ್ತುವಾರಿ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನದು. ಹಾಗಾಗಿ ಗಾತ್ರವನ್ನು ಕರ್ನಲ್‌ನ ಕಮಾಂಡ್‌ಲೈನ್ ಫೈಲ್‌ನಲ್ಲಿ ಬರೆಯಬೇಕು, ಕೊನೆಯಲ್ಲಿ ಇಂಗ್ಲಿಷಿನ ದೊಡ್ಡ 'ಡಿ' (D) ಅಕ್ಷರ ಸೇರಿಸಬೇಕು. ಮಾನಿಟರ್ ಇಲ್ಲದಿದ್ದರೂ ಡಿಜಿಟಲ್ ಕಿಂಡಿ ಆನ್ ಇರಲಿ ಎಂದು ಅದರ ಅರ್ಥ. ಆ ಫೈಲ್ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ನಡುವೆ ಎಂಟರ್ ಒತ್ತಬೇಡಿ.

ಸಾಗರದ ಪ್ಲಗ್ ಐದು ತಿಂಗಳು ಸುಮ್ನೆ ತನ್ನ ಕೆಲಸ ಮಾಡಿಕೊಂಡಿತ್ತು. ಆಯುಧ ಪೂಜೆಯ ಮರುದಿನ ಒಳಗೆ ಹೋದರೆ ಮತ್ತೆ 640×480. ಅಣ್ಣನಿಗೆ ಫೋನ್ ಮಾಡಿದೆ. ಪೂಜೆಗೆ ಸಿಪಿಯು ಒರೆಸುವಾಗ, ವೈರ್ ಮುರಿದು ಉಳಿದ ತುಂಡು ಇರಬೇಕು ಎಂದು ಕೆಲಸದ ಹುಡುಗ ಕಿತ್ತು ಡ್ರಾಯರ್‌ಗೆ ಹಾಕಿದ್ದ. ಅಣ್ಣ ಹುಡುಕಿ ಮತ್ತೆ ಸಿಕ್ಕಿಸಿದ. ಸಂಜೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಸಿಪಿಯು ಮೇಲೆ ಅರಿಶಿನ ಕುಂಕುಮ, ಹಿಂದೆ ಪ್ಲಗ್, ಅದಕ್ಕೆ ಸುತ್ತಿದ ಬಿಳಿ ಟೇಪ್‌ನ ಮೇಲೆ ಅವನದೇ ಕೈಬರಹ: 'ಇದೇ ಮಾನಿಟರ್. ತೆಗೆಯಬೇಡಿ.'