ಸಿಮ್ ಕಾರ್ಡ್ ಕಾರಿನ ಬ್ಯಾಟರಿ ತಿನ್ನುತ್ತಾ? ತಿನ್ನುತ್ತೆ: ನನ್ನ ಅನುಭವ

ಕಳೆದ ವರ್ಷ ಆಯುಧಪೂಜೆ. ಕಾರು ತೊಳೆದು, ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು. ಬಟನ್ ಒತ್ತಿದರೆ ಟಕಟಕ ಅಂತ ರಿಲೇ ಸದ್ದು ಅಷ್ಟೇ. ಅಮ್ಮ ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. ಕೊನೆಗೆ ನಾನೂ ವಾಚ್‌ಮನ್ನೂ ಸೇರಿ ಕಾರು ತಳ್ಳಿ ನಿಂಬೆಹಣ್ಣು ಹತ್ತಿಸಿದೆವು.

ಬನಶಂಕರಿಯಿಂದ ಆಫೀಸಿಗೆ ನಾನು ಮೆಟ್ರೋದಲ್ಲೇ ಹೋಗುವುದು. ಕಾರು ತಿಂಗಳಿಗೆ ಒಂದೋ ಎರಡೋ ಸಲ ಊರಿಗೆ ಹೋದರೆ ಉಂಟು. ಉಳಿದ ದಿನ ಎರಡನೇ ಬೇಸ್‌ಮೆಂಟಿನಲ್ಲಿ ನಿದ್ದೆ. ಹತ್ತು ದಿನ ನಿಂತರೆ ಬ್ಯಾಟರಿ ಡೌನ್. ಮೂರು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದೆ, ಒಂದಕ್ಕೆ ಆರು ಸಾವಿರದ ಹತ್ತಿರ. ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡುವ ಹುಡುಗ ಎಂಟು ಸಲವಾದರೂ ಬಂದಿರಬೇಕು, ಸಲಕ್ಕೆ 500. ಈಗಲೂ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾನೆ.

"ಗಾಡಿ ಓಡಿಸಿ ಸಾರ್, ಸರಿಹೋಗುತ್ತೆ" ಅಂದರು ಸರ್ವಿಸ್‌ನವರು. ಭಾನುವಾರ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಿದೆ, ಪೆಟ್ರೋಲ್ ದಂಡ. ಚಾರ್ಜರ್ ಹಾಕೋಣ ಅಂದರೆ ಬೇಸ್‌ಮೆಂಟಿನ ಪ್ಲಗ್ ಪಾಯಿಂಟಿಗೆ ಅಸೋಸಿಯೇಷನ್ ಒಪ್ಪಲಿಲ್ಲ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಟ್ಟರೆ ಪ್ರತಿ ಸಲ ಗಡಿಯಾರ, ಕಿಟಕಿ ಎಲ್ಲ ಹೊಸದಾಗಿ ಕಲಿಸಬೇಕು.

ನನಗೆ ಅನುಮಾನ ಇದ್ದದ್ದು ಕಾರಿನೊಳಗೆ ಸಿಮ್ ಕಾರ್ಡ್ ಹಾಕಿಕೊಂಡು ಫೋನಿನ ಆ್ಯಪ್ ಜೊತೆ ಮಾತಾಡುವ ಸಿಮ್ ಡಬ್ಬಿ ಮೇಲೆ. ಜೆ.ಸಿ. ರೋಡಿನ ನನ್ನ ಎಲೆಕ್ಟ್ರಿಷಿಯನ್ ನಕ್ಕುಬಿಟ್ಟರು. "ಸಿಮ್ ಕಾರ್ಡ್ ಬ್ಯಾಟರಿ ತಿನ್ನುತ್ತಾ ಸಾರ್?"

ಸರಿ ಅಂತ ನಾನೇ ಕೂತೆ. ಬಾನೆಟ್ ತೆರೆದು, ಅದರ ಲಾಚನ್ನೂ ಬಾಗಿಲ ಲಾಚನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ನಂಬಿಸಿ, ಕೀ ಮೂರನೇ ಫ್ಲೋರಿನ ಮನೆಯಲ್ಲಿ ಬಿಟ್ಟು, ಬ್ಯಾಟರಿಯ ನೆಗೆಟಿವ್ ಕಡೆ ಮಲ್ಟಿಮೀಟರ್ ಸೀರೀಸ್‌ನಲ್ಲಿ, ಅಂದರೆ ಕರೆಂಟೆಲ್ಲ ಅದರ ಮೂಲಕವೇ ಹರಿಯುವ ಹಾಗೆ ಹಾಕಿದೆ. ಮೊದಲ ಎರಡು ರಾತ್ರಿ ದಂಡ. ಒಂದು ಸಲ ಮರೆತು ಬಾಗಿಲು ತೆಗೆದೆ, ಇನ್ನೊಂದು ಸಲ ಹದಿನೈದು ನಿಮಿಷಕ್ಕೇ ಎದ್ದೆ. ಕಾರಿನ ಮಾಡ್ಯೂಲ್‌ಗಳು, ಅಂದರೆ ಒಳಗಿನ ಪುಟ್ಟ ಕಂಪ್ಯೂಟರ್‌ಗಳು, ಪೂರ್ತಿ ಮಲಗಲು ಮುಕ್ಕಾಲು ಗಂಟೆ ಕಾಯಲೇಬೇಕು. ಮೂರನೇ ರಾತ್ರಿ ಸೊಳ್ಳೆ ಹೊಡೆಯುತ್ತಾ ಸ್ಟೂಲ್ ಮೇಲೆ ಕೂತಿದ್ದಾಗ 25 ಮಿಲಿಆಂಪ್‌ಗೆ ಇಳಿಯಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ 400ಕ್ಕೆ ಜಿಗಿಯಿತು. ಒಂದು ನಿಮಿಷ ಅಲ್ಲೇ ನಿಂತು ಮತ್ತೆ 25. ಮೂರ್ನಾಲ್ಕು ನಿಮಿಷ ಬಿಟ್ಟು ಮತ್ತೆ ಅದೇ ಕಥೆ.

ಸರಾಸರಿ 110 ಆಸುಪಾಸು. ದಿನಕ್ಕೆ ಎರಡೂವರೆ ಆಂಪಿಯರ್-ಅವರ್ ಮೇಲೆ. ನನ್ನದು 45ರ ಬ್ಯಾಟರಿ, ಹತ್ತು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಲೆಕ್ಕ ಕೂತಿತು.

ಯಾವ ಫ್ಯೂಸ್ ಅಂತ ಹುಡುಕಲು ಒಂದನ್ನೂ ಕೀಳಬೇಡಿ. ಕಿತ್ತು ಮತ್ತೆ ಸಿಕ್ಕಿಸಿದರೆ ಮಲಗಿದ್ದ ಮಾಡ್ಯೂಲ್ ಎದ್ದು ಕೂರುತ್ತೆ. ಫ್ಯೂಸಿನ ತಲೆ ಮೇಲೆ ಎರಡು ಚುಕ್ಕೆ ಲೋಹ ಕಾಣುತ್ತಲ್ಲ, ಅಲ್ಲಿ ಮಿಲಿವೋಲ್ಟ್ ನೋಡಿ, ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿದ್ದರೆ ಚೂರು ವೋಲ್ಟೇಜ್ ಕಾಣುತ್ತೆ. ನನ್ನ ಕಾರಿನಲ್ಲಿ ಜಿಗಿತದ ಜೊತೆಗೇ ಕುಣಿದದ್ದು ಒಂದೇ ಒಂದು, ಸಿಮ್ ಡಬ್ಬಿಯದು.

ಮಾರನೆಯ ದಿನ ಅದೇ ಕಾರನ್ನು ಮೇಲೆ ರಸ್ತೆಯಲ್ಲಿ ನಿಲ್ಲಿಸಿ ಅಳೆದೆ. 40 ದಾಟಲಿಲ್ಲ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸಿಗದೆ ಪಾಪ ರಾತ್ರಿಯೆಲ್ಲ ಟವರ್ ಹುಡುಕುತ್ತಿತ್ತು. ಎಲೆಕ್ಟ್ರಿಷಿಯನ್‌ಗೆ ಎರಡೂ ವಿಡಿಯೋ ಕಳಿಸಿದೆ. ಒಂದು ಥಂಬ್ಸ್ ಅಪ್ ಬಂತು, ಅಷ್ಟೇ.

ಪರಿಹಾರಕ್ಕೆ, ಸಿಮ್ ಡಬ್ಬಿಗೆ ಹೋಗುವ ಕರೆಂಟನ್ನು ಬೇಕೆಂದಾಗ ನಿಲ್ಲಿಸಲು, ಎಸ್.ಪಿ. ರೋಡಿನಿಂದ ಫ್ಯೂಸ್ ಜಾಗದಲ್ಲಿ ಕೂರುವ ಟ್ಯಾಪ್, ಸ್ವಿಚ್, ವೈರ್ ತಂದೆ. ಎಲ್ಲ ಸೇರಿ 350 ಇರಬಹುದು. ಫ್ಯೂಸ್ ಅದೇ ರೇಟಿಂಗ್. ಒಂದು ವೈರೂ ಕತ್ತರಿಸಿಲ್ಲ. ಸ್ವಿಚ್ ಎಲ್ಲಿ ಬಚ್ಚಿಟ್ಟೆ, ಡ್ಯಾಶ್‌ನಲ್ಲಿ ಎಚ್ಚರಿಕೆ ದೀಪ ಬರದ ಹಾಗೆ ಏನು ಮಾಡಿದೆ, ಅದು ನನ್ನ ಹತ್ತಿರವೇ ಇರಲಿ. ಸ್ವಿಚ್ ಆಫ್ ಇದ್ದಾಗ ತುರ್ತು ಸಹಾಯ ಕರೆಯುವ ಎಸ್‌ಒಎಸ್ ಬಟನ್ನೂ ಕೆಲಸ ಮಾಡಲ್ಲ, ಆದ್ದರಿಂದ ಹೊರಡುವಾಗ ಆನ್ ಮಾಡಲೇಬೇಕು.

ಮಧ್ಯೆ ಕೀಯನ್ನು ಸ್ಟೀಲ್ ಡಬ್ಬಿಯಲ್ಲೂ ಇಟ್ಟು ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಮಗಳು ಸುಮ್ನೆ ಆ್ಯಪ್ ತೆರೆದು ಪೆಟ್ರೋಲ್ ಎಷ್ಟಿದೆ ಅಂತ ನೋಡುವುದಕ್ಕೆ ಮಾತ್ರ ಬ್ಯಾಟರಿ ಬೆಲೆ ತೆರುತ್ತೆ. ಮೇಲೆ ರಸ್ತೆಯಲ್ಲಿ ನಿಂತಾಗ ಒಂದು ಸಲ ನೋಡಿದರೆ ಕಾರು ಹತ್ತು ನಿಮಿಷ ಎಚ್ಚರ.

ಮೊನ್ನೆ 21 ದಿನ ನಿಂತ ಮೇಲೆ ನೋಡಿದರೆ 12.4 ವೋಲ್ಟ್. ಬಟನ್ ಒತ್ತಿದ ತಕ್ಷಣ ಸ್ಟಾರ್ಟ್. "ಬ್ಯಾಟರಿನೇ ಸರಿ ಇಲ್ಲ ಬಿಡ್ರಿ" ಅಂತಿದ್ದ ಎದುರು ಮನೆಯವರು ಮೀಟರ್ ಸಾಲ ಕೇಳಿಕೊಂಡು ಬಂದರು. ಸೀರೀಸ್‌ನಲ್ಲಿ ಇದ್ದಾಗಲೇ ಸೆಲ್ಫ್ ಹೊಡೆದು ಮೀಟರಿನ ಫ್ಯೂಸ್ ಸುಟ್ಟು ವಾಪಸ್ ಕೊಟ್ಟಿದ್ದಾರೆ.