‘ಕನಾರ್ಟಕ’ವನ್ನು ‘ಕರ್ನಾಟಕ’ ಮಾಡಿದ ಐದು ವಾರ

“ಅಕ್ಕಾರ, ನೀವು ಕಳಿಸಿದ ಫೈಲು ಕನ್ನಡ ಮಾತಾಡವಲ್ದು.”

2019ರ ಮಳೆಗಾಲದಲ್ಲಿ ಬಂದ ಫೋನು ಅದು. ಆ ಕಡೆ ಇದ್ದವರು ಇತಿಹಾಸ ಪಾಠ ಮಾಡುವ ಒಬ್ಬ ಉಪನ್ಯಾಸಕರು. ಅವರಿಗೆ ಕಣ್ಣು ಕಾಣುವುದಿಲ್ಲ. ಲಕ್ಕುಂಡಿ ಸುತ್ತಮುತ್ತಲ ಶಾಸನಗಳ ಬಗ್ಗೆ ಒಂದು ಪುಸ್ತಕಕ್ಕೆ 2006ರಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ, ಮಾಡಿದ್ದೆ. ಪ್ರತಿಗಳು ಮುಗಿದು ಎಷ್ಟೋ ವರ್ಷ ಆಗಿತ್ತು. ಲೇಖಕರು “ಫೈಲು ಅವರ ಹತ್ರ ಇರತದ, ತಗೋರಿ” ಅಂದಿದ್ದರಂತೆ. ನಾನೂ ಖುಷಿಯಿಂದಲೇ ಕಳಿಸಿದ್ದೆ.

ಅವರ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ತಂತ್ರಾಂಶ ಇದೆ. ಪರದೆ ಮೇಲಿನದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಕನ್ನಡವನ್ನೂ ಓದುತ್ತದೆ. ಆದರೆ ನನ್ನ ಫೈಲನ್ನು ಅದು ‘ಪಿ, ಎ, ಪೌಂಡ್, ಎ’ ಅಂತ ಓದುತ್ತಿತ್ತು. ಅವರು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ನನಗೂ ಕೇಳಿಸಿದರು. ಹದಿನಾರು ವರ್ಷದಿಂದ ಕನ್ನಡ ಟೈಪ್ ಮಾಡಿಯೇ ಹೊಟ್ಟೆ ಹೊರೆದವಳು ನಾನು. ಆ ದನಿ ಕೇಳಿ ಎದೆಯಲ್ಲಿ ಏನೋ ಕುಸಿದಂತಾಯಿತು.

ಯಾಕೆ ಹೀಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ಗದಗ. ‘ಮುದ್ರಣ ಕಾಶಿ’ ಅಂತಲೇ ಕರೆಯುವ ಊರು. ಅಪ್ಪ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುವ ಕಂಪಾಸಿಟರ್. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂರಿಸುವ ಸ್ಟಿಕ್, ಬಲಗೈ ಮೊಳೆ ತುಂಬಿದ ಕೇಸಿನ ಖಾನೆಯಿಂದ ಖಾನೆಗೆ. ಕನ್ನಡದ ಕೇಸ್ ಇಂಗ್ಲಿಷಿನ ಕೇಸಿನಂತಲ್ಲ. ಅಕ್ಷರ ಬೇರೆ, ಕಾಗುಣಿತದ ತುಂಡು ಬೇರೆ, ಒತ್ತು ಬೇರೆ, ಅರ್ಕಾವೊತ್ತು ಬೇರೆ. ಎಲ್ಲಾ ಉಲ್ಟಾ ಅಕ್ಷರ. ಅಪ್ಪ ಅದನ್ನು ಪೇಪರ್ ಓದಿದಷ್ಟೇ ಸರಾಗವಾಗಿ ಓದುತ್ತಿದ್ದರು. 2001ರಲ್ಲಿ ಪ್ರೆಸ್ಸಿನವರು ಮೊಳೆಗಳನ್ನು ತೂಕಕ್ಕೆ ಹಾಕಿದರು. ಅಪ್ಪನಿಗೆ ಕರಡು ತಿದ್ದುವ ಕೆಲಸ ಸಿಕ್ಕಿತು, ಸಂಬಳ ಅರ್ಧ. ಎರಡು ವರ್ಷದ ನಂತರ ಅದೇ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ನಾನು ಕೂತೆ.

ಅಪ್ಪನ ಕಾಲದಲ್ಲಿ ನಮ್ಮ ಪ್ರೆಸ್ಸಿನ ಕೇಸ್ ಮುಂದೆ ಒಬ್ಬ ಹೆಣ್ಣುಮಗಳೂ ನಿಂತಿದ್ದನ್ನು ನಾನು ನೋಡಿಲ್ಲ. ಡಿಟಿಪಿ ಬಂದ ಮೇಲೆ ನಾವು ಐದು ಜನ ಹುಡುಗಿಯರು ಸಾಲಾಗಿ ಕೂತೆವು. ಟೈಪಿಂಗ್ ಕ್ಲಾಸಿಗೆ ಹೋಗಿ ಜೂನಿಯರ್ ಪಾಸಾದವರು, ಪಿಯುಸಿ ಆದಮೇಲೆ ಮನೆಯಲ್ಲೇ ಉಳಿದವರು. ಅಪ್ಪನಂಥವರ ಕೈಯಿಂದ ಕೆಲಸ ಕಿತ್ತುಕೊಂಡ ಅದೇ ಯಂತ್ರ ನನ್ನ ಕೈಗೆ ಸಂಬಳ ಕೊಟ್ಟಿತು. ಒಂದೇ ಮನೆಯಲ್ಲಿ, ಒಂದೇ ಊಟದ ಹೊತ್ತಿನಲ್ಲಿ ಇವೆರಡನ್ನೂ ಇಟ್ಟುಕೊಂಡು ಬದುಕುವುದು ಸುಲಭ ಇರಲಿಲ್ಲ.

ನಾವು ಬಳಸಿದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ನನಗೆ ಆಗ ತಿಳಿದಿರಲಿಲ್ಲ, ಆದರೆ ಅದು ಬಹಳ ದೊಡ್ಡ ಯೋಚನೆ. ‘ಕನ್ನಡ’ ಅಂತ ಬರೆಯಲು ಐದೇ ಕೀಲಿ ಒತ್ತಬೇಕು: ಕ, ನ, ಒತ್ತಿಗೆ ಜೋಡಿಸುವ ಒಂದು ಕೀಲಿ, ಮತ್ತೆ ನ, ಡ. ಬಾಯಲ್ಲಿ ಹೇಗೆ ಬರುತ್ತದೋ ಬೆರಳಲ್ಲೂ ಹಾಗೆ. ಆಕಾರದ ತುಂಡುಗಳನ್ನು ಹುಡುಕುವ ತಲೆನೋವಿಲ್ಲ.

ತೊಂದರೆ ಇದ್ದದ್ದು ಕೀಲಿಮಣೆಯಲ್ಲಲ್ಲ, ಕಂಪ್ಯೂಟರ್ ಒಳಗೆ ಏನು ಉಳಿಸಿಕೊಳ್ಳುತ್ತಿತ್ತು ಅನ್ನುವುದರಲ್ಲಿ. ಆ ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನಾನು ‘ಕನ್ನಡ’ ಅಂತ ಹೊಡೆದರೆ ಒಳಗೆ ಏಳು ಗುರುತು ಸೇರುತ್ತಿದ್ದವು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ನ-ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. ಫಾಂಟ್ ಎಂಬ ಬಟ್ಟೆ ತೊಡಿಸಿದಾಗ ಮಾತ್ರ ಅದು ಕನ್ನಡದಂತೆ ಕಾಣುತ್ತಿತ್ತು. ಬಟ್ಟೆ ತೆಗೆದರೆ ಪಿ, ಎ, ಪೌಂಡ್. ಯೋಚಿಸಿ ನೋಡಿದರೆ ಅದು ಅಪ್ಪನ ಕೇಸೇ. ಅಲ್ಲಿ ಸೀಸದ ತುಂಡು, ಇಲ್ಲಿ ಸಂಖ್ಯೆಯ ತುಂಡು. ಕಾಗದದ ಮೇಲೆ ಅಚ್ಚಾದರೆ ಸಾಕಿತ್ತು. ಒಳಗೇನಿದೆ ಅಂತ ಯಾರು ಕೇಳುತ್ತಿದ್ದರು?

ಯೂನಿಕೋಡ್ ಅಂದರೆ ಒಂದೊಂದು ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ. ಅದರಲ್ಲಿ ಹಾಗಲ್ಲ. ಅಲ್ಲಿ ‘ಕ’ ಅಂದರೆ ಕ. ಬೇರೆ ಯಾವ ಭಾಷೆಯ ಜಾಗವನ್ನೂ ಕನ್ನಡ ಬಾಡಿಗೆಗೆ ಪಡೆಯಬೇಕಿಲ್ಲ, 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಇತ್ತು. ಅಲ್ಲಿ ‘ಕನ್ನಡ’ ಅಂದರೆ ಮತ್ತೆ ಐದೇ ಗುರುತು. ನನ್ನ ಬೆರಳು ಒತ್ತುತ್ತಿದ್ದ ಅದೇ ಐದು. ಇದು ಗೊತ್ತಾದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆದರೂ ನಾವು ಯಾಕೆ ಬದಲಾಗಲಿಲ್ಲ? ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶ ಇದಕ್ಕೆ ದೊಡ್ಡ ಕಾರಣ. ನಮ್ಮ ಪ್ರೆಸ್ಸುಗಳ ಕೈ ಕೂತಿದ್ದು ಅದರಲ್ಲೇ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬಂದದ್ದೂ ಅದೇ ವರ್ಷ. ಪ್ರೆಸ್ಸಿನವರಿಗೆ ನಾಳೆ ಬೆಳಿಗ್ಗೆ ಲಗ್ನಪತ್ರಿಕೆ ಕೊಡಬೇಕು, ಹೊಸದು ಕಲಿಯಲು ಪುರುಸೊತ್ತು ಎಲ್ಲಿ?

ಸರಿ, ಕೆಲಸಕ್ಕೆ ಬರುತ್ತೇನೆ.

ಪುಸ್ತಕ 212 ಪುಟ. ಉಪನ್ಯಾಸಕರಿಗೆ ಕಳಿಸಿದ್ದು ಲೇಖಕರಿಗೆ ನೋಡಲು ಕೊಟ್ಟಿದ್ದ ಮೊದಲ ಕರಡಿನ ವರ್ಡ್ ಫೈಲು. ತಿದ್ದಿದ ಪಠ್ಯ ಪೇಜ್‌ಮೇಕರ್ ಫೈಲಿನಲ್ಲಿತ್ತು, ಅದು ಸಿಡಿಯಲ್ಲಿತ್ತು. ಎರಡು ಅಧ್ಯಾಯ ಇದ್ದ ಸಿಡಿ ಓದಲೇ ಇಲ್ಲ. ಅವನ್ನು ಅಚ್ಚಾದ ಪುಸ್ತಕ ನೋಡಿ ಮತ್ತೆ ಟೈಪ್ ಮಾಡಿದೆ. ಉಳಿದದ್ದನ್ನು ಪೇಜ್‌ಮೇಕರಿನಿಂದ ಬರೀ ಪಠ್ಯವಾಗಿ ಹೊರತೆಗೆದು, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಕ್ಕೆ ಹಾಕಿದೆ. ಎರಡು ನಿಮಿಷದಲ್ಲಿ ಕನ್ನಡ ಬಂತು. ಮುಗಿಯಿತು ಅಂದುಕೊಂಡು ಮೊದಲ ಸಾಲು ಓದಿದರೆ ‘ಕನಾರ್ಟಕ’ ಅಂತಿತ್ತು.

ಇದು ಅರ್ಕಾವೊತ್ತಿನ ಕಿತಾಪತಿ. ಕಾಗದದ ಮೇಲೆ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಹಳೇ ನುಡಿಯಲ್ಲೂ ಅದು ನಂತರವೇ. ಆದರೆ ಉಚ್ಚಾರದಲ್ಲಿ ರ-ಕಾರ ಮೊದಲು, ಯೂನಿಕೋಡಿನಲ್ಲೂ ಮೊದಲು. ಬದಲಿಸುವಾಗ ಅದನ್ನು ಹಿಂದಕ್ಕೆ ಸರಿಸಬೇಕು. ನಾನು ಮೊದಲು ಹಿಡಿದ ಪರಿವರ್ತಕ ಸರಿಸುತ್ತಿರಲಿಲ್ಲ. ಧರ್ಮ ಹೋಗಿ ‘ಧಮರ್’, ಕಾರ್ಯ ಹೋಗಿ ‘ಕಾಯರ್’. ಬೇರೆ ಪರಿವರ್ತಕ ಹಿಡಿದೆ. ಅದು ಬಹುಪಾಲು ಸರಿ ಮಾಡಿತು, ಒತ್ತಿನ ಮೇಲೆ ಅರ್ಕಾವೊತ್ತು ಬಂದ ಕಡೆ ಮಾತ್ರ ಎಡವಿತು. ಅವನ್ನು ಒಂದೊಂದಾಗಿ ಹುಡುಕಿ ತಿದ್ದಿದೆ.

ಮುಂದಿನ ತೊಡಕು ಇಂಗ್ಲಿಷ್ ಪದಗಳದು. ಅಡಿಟಿಪ್ಪಣಿಗಳಲ್ಲಿ ಇಂಗ್ಲಿಷ್ ಪುಸ್ತಕಗಳ ಹೆಸರಿದ್ದವು. ಪರಿವರ್ತಕಕ್ಕೆ ಇಂಗ್ಲಿಷಿನ ಪಿ ಕಂಡರೆ ಅದು ‘ಕ’ದ ತುಂಡು. ಹಾಗಾಗಿ ಆ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾದವು. ಟಿಪ್ಪಣಿಗಳನ್ನು ಬೇರೆ ಮಾಡಿ, ಇಂಗ್ಲಿಷ್ ಭಾಗ ಕೈಯಾರೆ ಹೊಡೆದೆ. ನೀವೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಬದಲಿಸುವ ಮೊದಲೇ ಇಂಗ್ಲಿಷನ್ನು ಎತ್ತಿ ಪಕ್ಕಕ್ಕಿಡಿ. ನನಗೆ ಎರಡು ದಿನ ಹೋಯಿತು.

ಶಾಸನ ಪಾಠಗಳದು ಇನ್ನೊಂದು ಕಥೆ. ಅಲ್ಲಿ ಹಳಗನ್ನಡದ ಱ, ೞ ಬರುತ್ತವೆ. 2006ರಲ್ಲಿ ಅವನ್ನು ಹೇಗೆ ಹೊಡೆಯಬೇಕು ಅಂತ ನನಗೆ ಗೊತ್ತಿರಲಿಲ್ಲ. ಲೇಖಕರು ಕೈಯಲ್ಲಿ ಬರೆದುಕೊಟ್ಟ ಅಕ್ಷರವನ್ನು ಸ್ಕ್ಯಾನ್ ಮಾಡಿ, ಚಿತ್ರವಾಗಿ ಸಾಲುಗಳ ನಡುವೆ ಕೂರಿಸಿದ್ದೆ. ಪಠ್ಯ ಹೊರತೆಗೆದಾಗ ಅಷ್ಟೂ ಜಾಗ ಖಾಲಿ. ಯೂನಿಕೋಡಿನಲ್ಲಿ ಎರಡಕ್ಕೂ ಜಾಗ ಇದೆ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಪ್ರತಿ ಅಕ್ಷರವನ್ನೂ ಅದರ ಜಾಗಕ್ಕೆ ಸೇರಿಸಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಕಲ್ಲಿನ ಮೇಲೆ ಇದ್ದ ಅಕ್ಷರ, ನನ್ನ ಫೈಲಿನಲ್ಲಿ ಬರೀ ಚಿತ್ರವಾಗಿದ್ದದ್ದು, ಮತ್ತೆ ಅಕ್ಷರವಾಯಿತು.

ಸೊನ್ನೆಯೂ ಕಾಡಿತು. ಮತ್ತೆ ಟೈಪ್ ಮಾಡಿದ ಆ ಎರಡು ಅಧ್ಯಾಯಗಳಲ್ಲಿ ಒಂದಷ್ಟನ್ನು ನಮ್ಮ ಹುಡುಗಿಯೊಬ್ಬಳು ಫೋನಿನಲ್ಲಿ ಹೊಡೆದುಕೊಟ್ಟಿದ್ದಳು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಹಾಕಿದ್ದಳು. ಕಣ್ಣಿಗೆ ಎರಡೂ ಒಂದೇ. ಕಿವಿಗೆ ಒಂದೇ ಅಲ್ಲ, ಅಲ್ವಾ? ಹುಡುಕಿ ಬದಲಿಸಲು ಹೋದರೆ ಇಸವಿಗಳಲ್ಲಿನ ನಿಜವಾದ ಸೊನ್ನೆಗಳೂ ಹೋಗುತ್ತವೆ. 1007ನೇ ಇಸವಿಯ ಅತ್ತಿಮಬ್ಬೆಯ ಶಾಸನದ ಬಗ್ಗೆಯೇ ಇರುವ ಅಧ್ಯಾಯ ಅದು! ಅದನ್ನೂ ಕೈಯಾರೆ ನೋಡಬೇಕಾಯಿತು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಎರಡೆರಡು ಗಂಟೆ ಕೂತು ಐದು ವಾರಕ್ಕೆ ಮುಗಿಸಿದೆ. ನನ್ನ ಕೆಲಸದ ಬಗೆಯೂ ಈಗ ಬದಲಾಗಿದೆ. ಜನ ವಾಟ್ಸ್ಯಾಪಿನಲ್ಲಿ ತಾವೇ ಮ್ಯಾಟರ್ ಹೊಡೆದು ಕಳಿಸುತ್ತಾರೆ, ಕೆಲವರು ಮಾತಾಡಿಯೇ ಟೈಪ್ ಮಾಡಿಸುತ್ತಾರೆ. ಪುಟಕ್ಕಿಷ್ಟು ಅಂತ ಟೈಪಿಂಗಿಗೆ ಸಿಗುತ್ತಿದ್ದ ದುಡ್ಡು ಕಮ್ಮಿಯಾಗಿದೆ. ನಾನೂ ಈಗ ಅಪ್ಪನ ಹಾಗೆ ಹೆಚ್ಚಾಗಿ ತಿದ್ದುವವಳು.

ಫೈಲು ಕಳಿಸಿದ ನಾಲ್ಕನೇ ದಿನ ಉಪನ್ಯಾಸಕರ ಫೋನ್ ಬಂತು. ಪೂರ್ತಿ ಕೇಳಿದ್ದರು. “ಅಕ್ಕಾರ, ಭಾಳ ಚಲೋ ಆಗೇದ. ಒಂದs ಮಾತು. 87ನೇ ಪುಟದಾಗ ‘ಮಗಳು’ ಅನ್ನೋದು ‘ಮಗಲು’ ಅಂತ ಕೇಳಸ್ತದ.”

ಪುಸ್ತಕ ತೆಗೆದು ನೋಡಿದೆ. ಅಚ್ಚಿನಲ್ಲೂ ‘ಮಗಲು’ ಅಂತಲೇ ಇತ್ತು. ಲೇಖಕರು ನೋಡಿದ್ದರು, ನಾನು ನೋಡಿದ್ದೆ, ಕರಡನ್ನು ಎರಡು ಸಲ ತಿದ್ದಿದ್ದು ಅಪ್ಪ. ಹದಿಮೂರು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಕಪಾಟಿನಿಂದ ತಮ್ಮ ಪ್ರತಿ ತೆಗೆದರು, ಕನ್ನಡಕ ಹಾಕಿಕೊಂಡರು, ಕೆಂಪು ಪೆನ್ನು ಹುಡುಕಿದರು.

“ಎಷ್ಟನೇ ಪುಟಾ ಅಂದ್ರವ್ವಾ ಅವರು?”