ಮಗಳ ಕಾಲೇಜಿಗೆ ಲ್ಯಾಪ್‌ಟಾಪ್: ನಾನು ಆರಿಸಿದ ರೀತಿ

ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದಾಗ ಲ್ಯಾಪ್‌ಟಾಪ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಕಂಪನಿ, ಯಾವ ಪ್ರೊಸೆಸರ್ ಅಂತ ನೋಡುವ ಮೊದಲು ಅವಳ ಸಿಲಬಸ್ ಹಿಡಿದು ಕೂತೆ. ಮುಂದೆ ಯಾವ ಸಾಫ್ಟ್‌ವೇರ್ ಬೇಕಾಗುತ್ತದೆ ಅನ್ನುವುದು ಅದರಲ್ಲೇ ಇತ್ತು: ಯಂತ್ರಭಾಗಗಳನ್ನು 3ಡಿಯಲ್ಲಿ ಚಿತ್ರಿಸುವ ಸಾಲಿಡ್‌ವರ್ಕ್ಸ್ ಮತ್ತು ಗಣಿತದ ಲೆಕ್ಕ ಮಾಡುವ ಮ್ಯಾಟ್‌ಲ್ಯಾಬ್.

ಮಗಳಿಗೆ ಮ್ಯಾಕ್‌ಬುಕ್ ಏರ್ ಮೇಲೆ ಮನಸ್ಸಿತ್ತು. ಹಗುರ, ಫ್ಯಾನೇ ಇಲ್ಲ, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಓದು, ಬರಹ, ಪ್ರೋಗ್ರಾಮಿಂಗ್ ಇರುವ ಕೋರ್ಸ್ ಆಗಿದ್ದರೆ ನಾನೂ ಅದನ್ನೇ ಕೊಡಿಸುತ್ತಿದ್ದೆ. ಮ್ಯಾಟ್‌ಲ್ಯಾಬ್ ಮ್ಯಾಕ್‌ನಲ್ಲೂ ನಡೆಯುತ್ತದೆ. ಆದರೆ ಸಾಲಿಡ್‌ವರ್ಕ್ಸ್ ಇರುವುದು ವಿಂಡೋಸ್‌ಗೆ ಮಾತ್ರ. ಸ್ನಾಪ್‌ಡ್ರಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನೂ ಇದೇ ಕಾರಣಕ್ಕೆ ಬಿಟ್ಟೆ. ಬ್ಯಾಟರಿ ಚೆನ್ನಾಗಿದ್ದರೂ ಎಂಜಿನಿಯರಿಂಗ್ ಸಾಫ್ಟ್‌ವೇರ್ ಎಲ್ಲವೂ ಅದರಲ್ಲಿ ನಡೆಯುವುದಿಲ್ಲ. ಇಬ್ಬರೂ ಕೂತು ಸಾಫ್ಟ್‌ವೇರ್ ಕಂಪನಿ ಹೇಳಿದ್ದನ್ನು ಓದಿದ ಮೇಲೆ ಅವಳೇ ಒಪ್ಪಿಕೊಂಡಳು.

ಅಲ್ಲಿಂದ ಮುಂದೆ ನಾನು ಕೇಳಿಕೊಂಡಿದ್ದು ಒಂದೇ ಪ್ರಶ್ನೆ. ಕೊಂಡ ಮೇಲೆ ಬದಲಾಯಿಸಲು ಆಗದೇ ಇರುವುದು ಯಾವುದು? ದುಡ್ಡು ಮೊದಲು ಅದಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡಿದೆ. ಫೈಲ್‌ಗಳನ್ನು ಇಡುವ ಎಸ್‌ಎಸ್‌ಡಿ ಸಾಲದಿದ್ದರೆ ಎಷ್ಟೋ ಮಾಡೆಲ್‌ಗಳಲ್ಲಿ ಆಮೇಲೆ ದೊಡ್ಡದು ಹಾಕಬಹುದು. ಬ್ಯಾಟರಿ ಸೋತರೆ ಹೊಸದು ಹಾಕಿಸಬಹುದು. ಸ್ಕ್ರೀನ್, ಕೀಬೋರ್ಡ್, ತೂಕ, ಪ್ರೊಸೆಸರ್ ಮಾತ್ರ ಕೊನೆವರೆಗೂ ಅವೇ.

ರ‍್ಯಾಮ್ (ಕೆಲಸ ನಡೆಯುವಾಗ ಡೇಟಾ ಇಟ್ಟುಕೊಳ್ಳುವ ಮೆಮೊರಿ) ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಎಲ್‌ಪಿಡಿಡಿಆರ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದೇ ಅರ್ಥ. ಅಂಥದ್ದರಲ್ಲಿ 8 ಜಿಬಿ ಕೊಂಡರೆ ನಾಲ್ಕನೇ ವರ್ಷಕ್ಕೂ 8 ಜಿಬಿಯೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಅದರಲ್ಲೇ ಒಂದು ಪಾಲು ಗ್ರಾಫಿಕ್ಸ್‌ಗೂ ಹೋಗುತ್ತದೆ. ಹಾಗಾಗಿ 16 ಜಿಬಿಗಿಂತ ಕಡಿಮೆ ಇರುವುದನ್ನು ನೋಡಲೇ ಇಲ್ಲ. ಮೆಮೊರಿ ಕಡ್ಡಿ ಹಾಕುವ ಸ್ಲಾಟ್ ಎಷ್ಟಿದೆ, ಎಷ್ಟರವರೆಗೆ ಏರಿಸಬಹುದು ಅನ್ನುವುದನ್ನು ಅಂಗಡಿಯಲ್ಲಿ ಕೇಳುವ ಬದಲು ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲೇ ನೋಡಿದೆ. ಇನ್ನೊಂದು ಮಾತು. ಒಂದೇ 16 ಜಿಬಿ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಚುರುಕಾಗಿರುತ್ತದೆ, ಯಾಕೆಂದರೆ ಡೇಟಾ ಓಡಾಡಲು ಎರಡು ದಾರಿ ಸಿಗುತ್ತದೆ.

ಪ್ರೊಸೆಸರ್ ಹೆಸರು ನೋಡಿ ಅಳೆಯುವುದು ಕಷ್ಟ. ಉದಾಹರಣೆಗೆ ಎಎಂಡಿ ಕಂಪನಿಯ ರೈಜನ್ 5 7520ಯು. 7000 ಅಂದಾಗ ಹೊಸದು ಅನ್ನಿಸುತ್ತದೆ ಅಲ್ವಾ? ಒಳಗಿರುವುದು ಝೆನ್ 2, ಅಂದರೆ 2019ರಲ್ಲೇ ಬಂದ ವಿನ್ಯಾಸ. ಆ ಸರಣಿಯಲ್ಲಿ ವಿನ್ಯಾಸವನ್ನು ಹೇಳುವುದು ಮೂರನೇ ಅಂಕಿ. ಇಂಟೆಲ್, ಎಎಂಡಿ ಎರಡರಲ್ಲೂ ಕೊನೆಯ ಅಕ್ಷರ ಯು ಆದರೆ ಕಡಿಮೆ ವಿದ್ಯುತ್, ಎಚ್ ಆದರೆ ಹೆಚ್ಚು ಶಕ್ತಿ, ಹೆಚ್ಚು ಬಿಸಿ. ಸಾಲಿಡ್‌ವರ್ಕ್ಸ್‌ನಲ್ಲಿ ಬಿಡಿಭಾಗ ಚಿತ್ರಿಸುವ ಕೆಲಸ ಹೆಚ್ಚಾಗಿ ಒಂದೇ ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) ಮೇಲೆ ನಡೆಯುತ್ತದೆ. ಅಲ್ಲಿ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗ ಮುಖ್ಯ.

ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅಂತ ಹೇಳಿದವರು ಬಹಳ. ಅದು ಸುಮಾರು 2.3 ಕೆಜಿ, ಅದರ ಜೊತೆ ಇಟ್ಟಿಗೆಯಂಥ ಚಾರ್ಜರ್ ಬೇರೆ. ದಿನಾ ಹೆಗಲ ಮೇಲೆ ಹೊರುವವಳು ಅವಳು. ದೊಡ್ಡ ಸಿಮ್ಯುಲೇಶನ್‌ಗೆ ಕಾಲೇಜಿನ ಲ್ಯಾಬ್‌ನಲ್ಲಿ ಒಳ್ಳೆಯ ಯಂತ್ರಗಳಿವೆ ಅಂತ ಹಿರಿಯ ವಿದ್ಯಾರ್ಥಿಗಳಿಂದ ತಿಳಿದುಕೊಂಡೆವು. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಬಿಟ್ಟೆವು. ಲ್ಯಾಬ್ ಇಲ್ಲದಿದ್ದರೆ, ಅಥವಾ ಕೋರ್ಸ್‌ಗೆ CUDA (ಗ್ರಾಫಿಕ್ಸ್ ಕಾರ್ಡ್ ಮೇಲೆ ಲೆಕ್ಕ ಮಾಡಿಸುವ ಎನ್‌ವಿಡಿಯಾ ವ್ಯವಸ್ಥೆ) ಬೇಕಿದ್ದರೆ, ಎನ್‌ವಿಡಿಯಾ ಕಾರ್ಡ್ ಇರುವುದನ್ನೇ ಆರಿಸುತ್ತಿದ್ದೆ. CUDA ನಡೆಯುವುದು ಅದರಲ್ಲೇ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅನ್ನುವ ಜಾಹೀರಾತಿನ ಲೆಕ್ಕ ಬಿಟ್ಟು ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ, ನೋಡಿದೆ. 56 ವ್ಯಾಟ್-ಅವರ್ ಬ್ಯಾಟರಿ ಇದ್ದು, ನೋಟ್ಸ್ ಬರೆಯುವಾಗ 8 ವ್ಯಾಟ್ ಖರ್ಚಾದರೆ 7 ಗಂಟೆ. ಅದೇ ಯಂತ್ರ 3ಡಿ ಕೆಲಸಕ್ಕೆ 28 ವ್ಯಾಟ್ ಎಳೆದರೆ 2 ಗಂಟೆಗೆ ಮುಗಿಯಿತು. ಆದ್ದರಿಂದ ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗಲೇಬೇಕು ಅಂತ ಹಟ ಹಿಡಿದೆ. 65 ವ್ಯಾಟ್‌ನ ಚಿಕ್ಕ ಚಾರ್ಜರ್ ಬ್ಯಾಗಿನ ಮೂಲೆಯಲ್ಲಿ ಹಿಡಿಯುತ್ತದೆ. ತನ್ನದು ಮರೆತರೆ ಗೆಳತಿಯರ ಚಾರ್ಜರ್ ಕೂಡ ಆಗುತ್ತದೆ.

ಸ್ಕ್ರೀನ್, ಕೀಬೋರ್ಡ್ ಅಂಗಡಿಗೆ ಹೋಗಿ ಅವಳೇ ನೋಡಿದಳು. ಸುಮ್ನೆ ಮುಟ್ಟಿ ನೋಡಿದ್ದಲ್ಲ, ಒಂದು ಪುಟ ಟೈಪ್ ಮಾಡಿದಳು. ಪಕ್ಕದಿಂದ ನೋಡಿದರೂ ಬಣ್ಣ ಮಾಸಬಾರದು, ಅದಕ್ಕೆ ಐಪಿಎಸ್ ಪರದೆ. ಕಿಟಕಿ ಪಕ್ಕ ಕೂತು ಓದುವವಳಿಗೆ 250 ನಿಟ್ಸ್ ಬೆಳಕು ಸಾಲದು, ಕನಿಷ್ಠ 300 ಬೇಕು. 1920×1080 ಬದಲು 1920×1200 ಇರುವುದನ್ನು ಆರಿಸಿದೆವು. ಉದ್ದಕ್ಕೆ ಜಾಗ ಸಿಗುವುದರಿಂದ ಡ್ರಾಯಿಂಗ್‌ಗೂ ಪಿಡಿಎಫ್ ಓದಲೂ ಅನುಕೂಲ.

ಕೊನೆಗೆ ಮನೆಗೆ ಬಂದಿದ್ದು 14 ಇಂಚಿನ, 1.4 ಕೆಜಿ ತೂಕದ ವಿಂಡೋಸ್ ಲ್ಯಾಪ್‌ಟಾಪ್. ಉಳಿದ ದುಡ್ಡಿನಲ್ಲಿ ಬಿದ್ದು ಒಡೆದರೂ ರಿಪೇರಿ ಮಾಡಿಕೊಡುವ ವಾರಂಟಿ ಸೇರಿಸಿದೆ. ಮಾಮೂಲಿ ವಾರಂಟಿಯಲ್ಲಿ ಅದು ಬರುವುದಿಲ್ಲ. ಮೊದಲ ದಿನವೇ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಇರಬೇಕಾದ ಸಾಮರ್ಥ್ಯ), ಫುಲ್ ಚಾರ್ಜ್ ಕೆಪಾಸಿಟಿ (ಈಗ ನಿಜವಾಗಿ ಹಿಡಿಯುವುದು) ಎರಡೂ ಹತ್ತಿರ ಇವೆಯಾ ಅಂತ ನೋಡಿದೆವು. ಚಾರ್ಜ್ 80 ಪರ್ಸೆಂಟಿಗೆ ನಿಲ್ಲುವ ಹಾಗೆ ಸೆಟ್ ಮಾಡಿದೆವು. ಹಾಸ್ಟೆಲ್‌ನಲ್ಲಿ ಸದಾ ಪ್ಲಗ್‌ಗೆ ಹಾಕಿಟ್ಟರೂ ಬ್ಯಾಟರಿ ಬೇಗ ಸವೆಯುವುದಿಲ್ಲ.